ಮೂತ್ರಬಾಧೆಯ ಪ್ರಶ್ನಾವಳಿಗಳ ಭಾಷೆ

ವೈದ್ಯರು ರೋಗಿಗಳ ಕೈಗೆ ಕೊಡುವ ಪ್ರಶ್ನಾವಳಿಯೂ ಒಂದು ಗದ್ಯರಚನೆಯೇ. ಕೇಳಿದ ಮಾತಿನಂತೆ ಉತ್ತರವೂ ಉತ್ತರದಂತೆ ಚಿಕಿತ್ಸೆಯೂ ನಡೆಯುವುದರಿಂದ ಅದರ ಶಬ್ದಗಳು ವಿಮರ್ಶೆಗೆ ಒಳಪಡತಕ್ಕವು. ಮೂತ್ರಬಾಧೆಗಳ ವಿಷಯದಲ್ಲಿ ಬಹು ಪ್ರಚಾರದಲ್ಲಿರುವುದು ಅಂತಾರಾಷ್ಟ್ರೀಯ ಪ್ರಾಸ್ಟೇಟ್ ಲಕ್ಷಣಾಂಕವೆಂಬುದು. 1992ರಲ್ಲಿ ಅಮೆರಿಕದ ಮೂತ್ರರೋಗತಜ್ಞರ ಸಂಘಕ್ಕಾಗಿ ಮೈಕೇಲ್ ಬ್ಯಾರಿ ಮೊದಲಾದವರು ರಚಿಸಿದ ಏಳು ಪ್ರಶ್ನೆಗಳೇ ಅದರ ಮೂಲ. ಮೂತ್ರಕೋಶ ಪೂರ್ತಿ ಬರಿದಾಗಲಿಲ್ಲವೆಂದು ತೋರುವುದು, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು, ನಿಂತು ನಿಂತು ಬರುವುದು, ತಡೆಯಲಾಗದಿರುವುದು, ಧಾರೆ ಸಣ್ಣಗಾಗುವುದು, ತಿಣುಕಬೇಕಾಗುವುದು, ರಾತ್ರಿ ಏಳಬೇಕಾಗುವುದು ಇವು ಅಲ್ಲಿನ ವಿಷಯಗಳು. ಒಂದೊಂದಕ್ಕೆ 0ಯಿಂದ 5ರವರೆಗೆ ಅಂಕ, ಒಟ್ಟು 35. 7ರವರೆಗೆ ಅಲ್ಪ, 19ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಉಳಿದ ಆಯುಷ್ಯವೆಲ್ಲ ಹೀಗೆಯೇ ಕಳೆಯಬೇಕಾದರೆ ಹೇಗೆನಿಸುವುದೆಂಬ ಎಂಟನೆಯ ಪ್ರಶ್ನೆಯೊಂದು ಅನಂತರ ಸೇರಿತು. ಇಡೀ ರಚನೆಯಲ್ಲಿ ಮನುಷ್ಯನನ್ನು ಕುರಿತು ಮಾತನಾಡುವುದು ಅದೊಂದೇ. ಆದರೆ ಅದರ ಅಂಕವನ್ನು ಮೊತ್ತಕ್ಕೆ ಕೂಡಿಸುವುದಿಲ್ಲ.

ಈ ರಚನೆಯ ಒಂದು ದೋಷ ಹೆಸರಿನಲ್ಲಿಯೇ ಇದೆ. ಪ್ರಾಸ್ಟೇಟ್ ಗ್ರಂಥಿಯ ಮಾತು ಯಾವ ಪ್ರಶ್ನೆಯಲ್ಲಿಯೂ ಬರುವುದಿಲ್ಲ. 1993ರಲ್ಲಿ ಲೆಪರ್, ಮಾಚಿ ಎಂಬವರು 55ರಿಂದ 79 ವರ್ಷ ವಯಸ್ಸಿನ ಸ್ತ್ರೀಪುರುಷರನ್ನು ಇವೇ ಪ್ರಶ್ನೆಗಳಿಂದ ಪರೀಕ್ಷಿಸಲು, ಆ ಗ್ರಂಥಿಯಿಲ್ಲದ ಸ್ತ್ರೀಯರ ಅಂಕಗಳಿಗೂ ಪುರುಷರ ಅಂಕಗಳಿಗೂ ಗಣನೀಯವಾದ ಭೇದ ಕಾಣಲಿಲ್ಲ. ಮೂಲಕರ್ತರು ಇದನ್ನು ಬಾಧೆಯ ಪ್ರಮಾಣವನ್ನು ಅಳೆಯಲು ರಚಿಸಿದರೇ ಹೊರತು ರೋಗನಿರ್ಣಯಕ್ಕಲ್ಲ. ಆದರೂ ಅಂತಾರಾಷ್ಟ್ರೀಯ ಪಾಠಕ್ಕೆ ಇಟ್ಟ ಶಿರೋನಾಮೆ ಓದುವವನ ಮನಸ್ಸಿನಲ್ಲಿ ನಿರ್ಣಯವನ್ನು ಮೊದಲೇ ಬಿತ್ತುವುದು.

ಇದಕ್ಕಿಂತ ಗುರುತರವಾದ ದೋಷ ಅದರ ಮೌನ. ಮೂತ್ರ ಸೋರುವುದನ್ನು ಕುರಿತು ಅಲ್ಲಿ ಒಂದು ಮಾತೂ ಇಲ್ಲ. ಹೆರಿಗೆಯಾದ ಸ್ತ್ರೀಯರಲ್ಲಿಯೂ ಪ್ರಾಸ್ಟೇಟ್ ತೆಗೆಸಿಕೊಂಡ ಪುರುಷರಲ್ಲಿಯೂ ಕಾಣುವ ಈ ತೊಂದರೆಯನ್ನು ನಾಚಿಕೆಯಿಂದ ತಾವಾಗಿ ಹೇಳದವರೇ ಬಹಳ. ಕೆಮ್ಮಿದಾಗಲೆಲ್ಲ ಸೀರೆ ಒದ್ದೆಯಾಗುವವಳು ಈ ಏಳು ಪ್ರಶ್ನೆಗಳಿಗೆ ಸತ್ಯವನ್ನೇ ಹೇಳಿಯೂ ‘ಅಲ್ಪ’ವೆಂಬ ಪಂಕ್ತಿಯಲ್ಲಿ ಸೇರಿಹೋಗಬಹುದು. ಸೋರಿಕೆಗೆಂದೇ ರಚಿತವಾಗಿ 2004ರಲ್ಲಿ ಪ್ರಕಟವಾದ ಇನ್ನೊಂದು ಸಂಕ್ಷಿಪ್ತ ಪ್ರಶ್ನಾವಳಿ ಎಷ್ಟು ಸಲ, ಎಷ್ಟು ಪ್ರಮಾಣ, ಎಷ್ಟು ಅಡಚಣೆ ಎಂದು ಕೇಳಿ 21ರವರೆಗೆ ಅಂಕ ಕೊಡುವುದು. ಕೆಮ್ಮು ಸೀನುಗಳಲ್ಲಿಯೋ, ಶೌಚಾಲಯ ಸೇರುವ ಮುನ್ನವೋ, ನಿದ್ರೆಯಲ್ಲಿಯೋ ಎಂಬ ಕೊನೆಯ ಪ್ರಶ್ನೆಗೆ ಮಾತ್ರ ಅಂಕವಿಲ್ಲ. ಕಾರಣವನ್ನು ಊಹಿಸಲು ವೈದ್ಯನಿಗೆ ಹೆಚ್ಚು ನೆರವಾಗುವುದು ಈ ಅಂಕವಿಲ್ಲದ ಪ್ರಶ್ನೆಯೇ.

ಕನ್ನಡದಲ್ಲಿ ಕೇಳುವಾಗ ತೊಡಕು ಬೇರೊಂದು. ‘ಮೂತ್ರವಿಸರ್ಜನೆ’ ಕಾಗದದ ಮಾತು. ‘ಉಚ್ಚೆ’ಯನ್ನು ಅಪರಿಚಿತರ ಮುಂದೆ ಆಡಲು ಸಂಕೋಚ. ರೂಢಿಯ ಮರೆಮಾತು ‘ಒಂದಕ್ಕೆ ಹೋಗುವುದು’. ಉತ್ತರದ ಪಂಕ್ತಿಯಲ್ಲಿಯೋ ‘ಐದು ಸಲದಲ್ಲಿ ಒಂದಕ್ಕಿಂತ ಕಡಿಮೆ’ ಎಂದಿರುವುದು. ಎರಡೂ ‘ಒಂದ’ನ್ನು ಒಟ್ಟಿಗೆ ಓದಿ ಹೇಳಿದರೆ ಕೇಳುವವಳು ತಬ್ಬಿಬ್ಬಾಗುವುದು ಸಹಜ. ಅದಲ್ಲದೆ ‘ಅರ್ಧಕ್ಕಿಂತ ಹೆಚ್ಚು ಸಲ’ವೆಂಬ ಲೆಕ್ಕದಿಂದ ದೇಹದ ಅನುಭವವನ್ನು ಎಣಿಸುವ ಅಭ್ಯಾಸ ಶಾಲೆ ಕಾಣದವರಿಗಿರಲಿ, ಕಲಿತವರಿಗೂ ಇಲ್ಲ.

ಓದುಬಾರದವರಿಗೆ ಅನುಕೂಲವಾಗಲೆಂದು ದಕ್ಷಿಣ ಆಫ್ರಿಕದ ವೈದ್ಯರು 2011ರಲ್ಲಿ ಇದೇ ಲಕ್ಷಣಾಂಕಕ್ಕೆ ಬದಲಾಗಿ ಚಿತ್ರಗಳನ್ನು ಪ್ರಕಟಿಸಿದರು. ಧಾರೆಯ ವೇಗ, ಹಗಲಿನ ಎಣಿಕೆ, ರಾತ್ರಿಯ ಎಣಿಕೆ, ಜೀವನದ ನೆಮ್ಮದಿ ಎಂಬ ನಾಲ್ಕು ವಿಷಯಗಳನ್ನು ಒಂದು ಅಕ್ಷರವೂ ಇಲ್ಲದೆ ಕೇಳುವ ಆ ಉಪಾಯ ಮೆಚ್ಚತಕ್ಕದ್ದು. ಅಲ್ಲಿ ಧಾರೆಯ ಚಿತ್ರದಲ್ಲಿರುವವನು ಮಾತ್ರ ನಿಂತಿರುವ ಗಂಡಸು.