ಮಳೆಯೂರಿನ ಉಗ್ರಾಣ

ಪೊಳ್ಳಾಚಿ ಬಿಟ್ಟು, ಆಳಿಯಾರ್ ಅಣೆಕಟ್ಟು ದಾಟಿ, 40 ಹೇರ್‌ಪಿನ್ ತಿರುವುಗಳ ಘಟ್ಟ ಹತ್ತಿದರೆ ವಾಲ್ಪಾರೈ. ಸುಮಾರು 3,500 ಅಡಿ ಎತ್ತರ. ಸುತ್ತ ಕಣ್ಣು ಹಾಯುವವರೆಗೂ ಚಹಾ ತೋಟ, ಅಲ್ಲಲ್ಲಿ ಕಾಫಿ, ಏಲಕ್ಕಿ, ಅದರಾಚೆ ಆನೆಮಲೆಯ ಕಾಡು. ಹತ್ತಿರದ ಚಿನ್ನಕಲ್ಲಾರ್ ದಕ್ಷಿಣ ಭಾರತದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ನೋಡಲು ಬಂದವರು ಮಂಜನ್ನೂ ಸಿಂಗಳೀಕಗಳನ್ನೂ ಕಣ್ತುಂಬಿಕೊಂಡು ಇಳಿದು ಹೋಗುತ್ತಾರೆ. ನನಗೆ ಇಂಥ ಊರಿನಲ್ಲಿ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಚೆನ್ನಾಗಿ ಜೋಡಿಸಿಟ್ಟ ಉಗ್ರಾಣ. ಅದು ಪ್ರತ್ಯೇಕ ಕೋಣೆಯೇ ಆಗಬೇಕೆಂದಿಲ್ಲ. ತೋಟದ ಲೈನ್ ಮನೆಯಲ್ಲಾದರೆ ಒಲೆಯ ಪಕ್ಕದ ಎರಡು ಹಲಗೆ, ಮೇಲೊಂದು ಅಟ್ಟ ಇದ್ದರೂ ಸಾಕು.

ಬಯಲುಸೀಮೆಯಲ್ಲಿ ಸಾಮಾನು ಹೇಗಿಟ್ಟರೂ ನಡೆಯುತ್ತದೆ; ಬಿಸಿಲು ನಮ್ಮ ಸೋಮಾರಿತನವನ್ನು ಮನ್ನಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಹಿಡಿಯುವ ಊರಿನಲ್ಲಿ ಆ ರಿಯಾಯಿತಿ ಇಲ್ಲ. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ಹತ್ತುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ರವೆಯಲ್ಲಿ ಹುಳು ಆಡುತ್ತದೆ. ಗುಡ್ಡ ಕುಸಿದು ಘಟ್ಟದ ರಸ್ತೆ ಮುಚ್ಚಿತೆಂದರೆ ಕೆಳಗಿನ ಸಾಮಾನು ಮೇಲೆ ಬರುವುದೂ ನಿಲ್ಲುತ್ತದೆ. ಹಾಗಾಗಿ ಇಲ್ಲಿನ ಉಗ್ರಾಣದ ಅಂದ ಸಾಲಾಗಿ ಹೊಳೆಯುವ ಡಬ್ಬಿಗಳಲ್ಲಿಲ್ಲ. ಯಾವ ಪದಾರ್ಥ ಯಾವುದಕ್ಕೆ ಹೆದರುತ್ತದೆ ಎಂದು ತಿಳಿದು, ಅದಕ್ಕೊಪ್ಪುವ ಪಾತ್ರೆ, ಅದಕ್ಕೊಪ್ಪುವ ಜಾಗ ಕೊಟ್ಟಿರುವುದರಲ್ಲಿದೆ.

ಉಪ್ಪಿನಿಂದಲೇ ಶುರುಮಾಡೋಣ. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿತೋ, ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಕಲ್ಲುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಅಷ್ಟು ಹೊತ್ತೂ ಕಾಯುವುದಿಲ್ಲ. ಸ್ಟೀಲು, ತಗಡು ಯಾವುದನ್ನೂ ಅದು ಬಿಡುವುದಿಲ್ಲ, ತಿಂದೇ ತೀರುತ್ತದೆ. ನಮ್ಮ ಮಲೆನಾಡಿನವರು ಉಪ್ಪಿಗೆಂದೇ ಮರದ ಮರಿಗೆ ಮಾಡಿಸಿ ಒಲೆಯ ಹತ್ತಿರ ಇಡುತ್ತಿದ್ದರು. ಪಿಂಗಾಣಿ ಭರಣಿಯೂ ಅಷ್ಟೇ ಒಳ್ಳೆಯದು. ಹುಣಸೆಹಣ್ಣಿನ ಹುಳಿಗೂ ಲೋಹದ ಸಹವಾಸ ಆಗದು, ಆದ್ದರಿಂದ ಭರಣಿಗಳ ಸಾಲಿನಲ್ಲಿ ಅದು ಉಪ್ಪಿನ ನೆರೆಮನೆ. ಪೊಳ್ಳಾಚಿ ಸಂತೆಯಿಂದ ಬಂದ ಬೆಲ್ಲ ಮಳೆಗಾಲದಲ್ಲಿ ಬೆವರಿ ಒಸರುತ್ತದೆ. ಅದನ್ನು ಕಾಗದದಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಒಲೆಯ ಮೇಲಿನ ಹಲಗೆಗೆ ಏರಿಸಬೇಕು.

ಒಲೆಯ ಮೇಲಿನ ಆ ಹಲಗೆ ಇಡೀ ಮನೆಯಲ್ಲೇ ಹೆಚ್ಚು ಬೆಲೆಬಾಳುವ ಜಾಗ. ಅಲ್ಲಿ ಸದಾ ಹಿತವಾದ ಬಿಸಿ. ಒಣಮೆಣಸಿನಕಾಯಿ, ಹಪ್ಪಳ, ಸಂಡಿಗೆ, ಬೆಂಕಿಪೊಟ್ಟಣ ಎಲ್ಲಕ್ಕೂ ಅಲ್ಲೇ ಆಸರೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮನೆಗಳಲ್ಲಿ ಈ ಬಿಸಿ ಕಡಿಮೆಯಾಯಿತು. ಆ ಕೊರತೆಯನ್ನು ತುಂಬುವುದು ಹುರಿಯುವ ಕೆಲಸ. ರವೆಯನ್ನು ತಂದ ದಿನವೇ ಘಮ ಬರುವಂತೆ ಹುರಿದು, ಪೂರ್ತಿ ಆರಿದ ಮೇಲೆ ತುಂಬಿಡುವುದು. ಬಿಸಿಯಲ್ಲೇ ಮುಚ್ಚಿದರೆ ಅದರ ಹಬೆಯೇ ಅದಕ್ಕೆ ಶತ್ರು. ತೊಗರಿಬೇಳೆಯನ್ನು ಬಿಸಿಲು ಬಿದ್ದಾಗಲೇ ಒಣಗಿಸಿ, ನಾಲ್ಕು ಒಣಮೆಣಸಿನಕಾಯಿ ಹಾಕಿಡುವುದು. ಅಕ್ಕಿಗೆ ಬೇವಿನ ಎಲೆ, ಸಕ್ಕರೆಗೆ ಇರುವೆ ಬರದಂತೆ ಎರಡು ಲವಂಗ. ಇದೆಲ್ಲ ದೊಡ್ಡ ವಿದ್ಯೆಯೇನಲ್ಲ, ಆದರೆ ಒಂದೊಂದರಲ್ಲೂ ಎಷ್ಟೋ ತಲೆಮಾರಿನ ಹೆಂಗಸರ ಗಮನ ಹರಳುಗಟ್ಟಿದೆ.

ವಾಲ್ಪಾರೈನಲ್ಲಿ ಈ ವಿದ್ಯೆಯ ದೊಡ್ಡ ಪಾಠಶಾಲೆ ಚಹಾ ಕಾರ್ಖಾನೆಯೇ. ಕಿತ್ತ ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರು. ಅದನ್ನು ಬಾಡಿಸಿ, ಉರುಳಿಸಿ, ಹುದುಗಿಸಿ, ಕೊನೆಗೆ ಬಿಸಿಗಾಳಿಯಲ್ಲಿ ಒಣಗಿಸುವ ಹೊತ್ತಿಗೆ ತೇವ ಶೇಕಡಾ 3ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟು ಬಾಯಾರಿದ ಪದಾರ್ಥ ಸುತ್ತಲಿನ ತೇವವನ್ನೂ ವಾಸನೆಯನ್ನೂ ಎಳೆದುಕೊಳ್ಳದೆ ಬಿಡುವುದಿಲ್ಲ. ಅದಕ್ಕೇ ಹಿಂದೆಲ್ಲ ಚಹಾವನ್ನು ಒಳಗೆ ಲೋಹದ ಹಾಳೆ ಹೊದಿಸಿದ ಪ್ಲೈವುಡ್ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ಮನೆಯ ಉಗ್ರಾಣಕ್ಕೂ ಇದೇ ನ್ಯಾಯ. ಚಹಾಪುಡಿಯ ಡಬ್ಬಿ ಇಂಗಿನ ಪಕ್ಕದಲ್ಲಿ ಇರಕೂಡದು, ಏಲಕ್ಕಿಯ ಪಕ್ಕದಲ್ಲೂ ಬೇಡ. ಏಲಕ್ಕಿ ಚಹಾ ಬೇಕೆನಿಸಿದ ದಿನ ಎರಡು ಕಾಯಿ ಜಜ್ಜಿ ಹಾಕಿದರಾಯಿತು. ಒಂದರ ಪರಿಮಳ ಇನ್ನೊಂದಕ್ಕೆ ಅಂಟದೆ, ಎಲ್ಲವೂ ತಂತಮ್ಮ ವಾಸನೆಯಲ್ಲೇ ಉಳಿದಿರುವ ಉಗ್ರಾಣದ ಬಾಗಿಲು ತೆರೆಯುವುದೇ ಒಂದು ಸುಖ.

ಆ ಸುಖದ ಸಾರವೆಲ್ಲ ಒಗ್ಗರಣೆ ಡಬ್ಬಿಯೊಳಗೆ ಇದೆ. ತಮಿಳರು ಅಂಜರೈಪೆಟ್ಟಿ ಎನ್ನುವುದೂ ಇದನ್ನೇ. ಮುಚ್ಚಳ ತೆಗೆದರೆ ಸಾಸಿವೆಯ ಕಪ್ಪು, ಜೀರಿಗೆಯ ಮಾಸಲು ಕಂದು, ಉದ್ದಿನಬೇಳೆಯ ಬಿಳುಪು, ಮೆಂತ್ಯದ ಬಂಗಾರ, ಅರಿಶಿನದ ಹಳದಿ. ಬಟ್ಟಲುಗಳು ಚಿಕ್ಕವು, ಅದೇ ಅದರ ಜಾಣತನ. ವಾರಕ್ಕೆ ಬೇಕಾದಷ್ಟು ಮಾತ್ರ ಇಲ್ಲಿ, ಉಳಿದದ್ದು ಒಳಗಿನ ದೊಡ್ಡ ಡಬ್ಬಿಯಲ್ಲಿ ಭದ್ರ. ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೂ ಒದ್ದೆ ಗಾಳಿ ತಾಗುವುದು ಈ ಸ್ವಲ್ಪಕ್ಕೆ ಮಾತ್ರ. ಬೆಳಕು ಬಿದ್ದರೆ ಅರಿಶಿನವೂ ಮೆಣಸಿನಪುಡಿಯೂ ಬಣ್ಣ ಬಿಡುತ್ತವೆ. ಕಿಟಕಿಯ ಬದಿಯ ಗಾಜಿನ ಬಾಟಲಿಗಿಂತ ಸ್ಟೀಲಿನ ಈ ಕತ್ತಲೆಯೇ ಅವಕ್ಕೆ ಹಿತ.

ಇನ್ನು ಭರಣಿ. ಮೇಲೆ ಕಂದು, ಕೆಳಗೆ ಕೆನೆಬಣ್ಣ, ಗುಂಡು ಹೊಟ್ಟೆ, ಕಿರಿದಾದ ಬಾಯಿ. ಕತ್ತಿಗೆ ಬಿಳಿ ಬಟ್ಟೆ ಬಿಗಿದು ದಾರ ಸುತ್ತಿರುತ್ತದೆ. ಗಂಟು ಬಿಚ್ಚಿ ಮುಚ್ಚಳ ಎತ್ತಿದರೆ ಎಣ್ಣೆಯಲ್ಲಿ ಅದ್ದಿ ಹಾಸಿದ ಇನ್ನೊಂದು ಬಟ್ಟೆ. ಅದನ್ನು ಸರಿಸಿದ ಮೇಲೆಯೇ ಉಪ್ಪಿನಕಾಯಿಯ ದರ್ಶನ. ಇಂಗು, ಸಾಸಿವೆ, ಸೊನೆಯ ಘಾಟು ಒಟ್ಟಿಗೆ ಮೂಗಿಗೇರುತ್ತವೆ. ಕೈ ಒಣಗಿರಬೇಕು, ಸೌಟು ಮರದ್ದೇ ಆಗಬೇಕು, ಬೇಕಾದಷ್ಟು ತೆಗೆದು ಮತ್ತೆ ಮೂರೂ ಮುಚ್ಚಿಗೆ ಹಾಕಬೇಕು. ಇಷ್ಟೊಂದು ಕಟ್ಟುಪಾಡು ಪಾಲಿಸುವುದರಿಂದಲೇ ಚೈತ್ರದ ಮಾವಿನಮಿಡಿ ಶ್ರಾವಣದ ಗಂಜಿಯೂಟದಲ್ಲಿ ಕಟುಮ್ ಎನ್ನುತ್ತದೆ.

ಮಳೆ ಕಳೆದು ಚಳಿ ಬಂದಾಗ ಉಗ್ರಾಣದ ಮುಖವೂ ಬದಲಾಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವಂಥದ್ದು. ಹಾಗಾಗಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಬಾಟಲಿ ಬೆಳ್ಳಗೆ ಗಟ್ಟಿ. ಬಲ್ಲವರು ಆ ತಿಂಗಳುಗಳಿಗೆ ಅಗಲ ಬಾಯಿಯ ಡಬ್ಬಿಗೆ ಎಣ್ಣೆ ಸುರಿದು ಚಮಚ ಇಟ್ಟಿರುತ್ತಾರೆ. ಕಾಲಕ್ಕೆ ತಕ್ಕಂತೆ ಪಾತ್ರೆ ಬದಲಿಸುವ ಈ ಸಣ್ಣ ಎಚ್ಚರ ನನಗೆ ಬಲು ಇಷ್ಟ.

ವಾಲ್ಪಾರೈನ ಉಗ್ರಾಣದ ಮೇಲೆ ಹುಳು, ಇರುವೆಗಳ ಜೊತೆಗೆ ಆನೆಯ ಕಣ್ಣೂ ಇದೆ. ಕಾಡಿನ ತುಣುಕಿನಿಂದ ತುಣುಕಿಗೆ ತೋಟಗಳ ನಡುವೆ ಹಾಯುವ ಆನೆಗಳು ಅಕ್ಕಿ, ಬೇಳೆಯ ವಾಸನೆ ಹಿಡಿದು ರೇಷನ್ ಅಂಗಡಿಗಳನ್ನೂ ಲೈನ್ ಮನೆಗಳ ಅಡುಗೆಮನೆಯನ್ನೂ ಒಡೆದದ್ದುಂಟು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಇಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ಆನೆ ಎಲ್ಲಿದೆಯೆಂದು ಮೊಬೈಲ್ ಸಂದೇಶ ಕಳಿಸುವ, ಕೆಂಪು ದೀಪ ಉರಿಸಿ ಎಚ್ಚರಿಸುವ ವ್ಯವಸ್ಥೆ ಕಟ್ಟಿತು. ಅದರ ಹಿಂದಿದ್ದ ವಿಜ್ಞಾನಿ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಗೋಡೆಯಾಚೆಗೆ ಅಂಥ ಮೂಗು ಇರುವ ಊರಿನಲ್ಲಿ ಮೂಟೆ ಬಾಯಿ ಬಿಟ್ಟುಕೊಂಡು ಕೂರದಂತೆ, ಚೆಲ್ಲಿದ ಕಾಳು ನೆಲದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಅಚ್ಚುಕಟ್ಟಿಗಿಂತ ದೊಡ್ಡ ಮಾತು.

ಒಳ್ಳೆಯ ಉಗ್ರಾಣವನ್ನು ಗುರುತಿಸಲು ನನ್ನದೊಂದು ಪರೀಕ್ಷೆ ಇದೆ. ಮಳೆಗೆ ಕರೆಂಟು ಹೋದ ಸಂಜೆ, ಮನೆಯೊಡತಿ ಊರಲ್ಲಿಲ್ಲದಾಗ, ಮಗನೋ ಅತ್ತೆಯೋ ಬಂದ ನೆಂಟರೋ ಒಳಗೆ ಕೈ ಹಾಕಿದರೆ ಸಾಸಿವೆ ಸಿಗಬೇಕು, ಉಪ್ಪು ಉದುರುದುರಾಗಿರಬೇಕು, ಕಡ್ಡಿ ಗೀರಿದ ಕೂಡಲೇ ಹತ್ತಬೇಕು. ಒಬ್ಬರು ಜೋಡಿಸಿದ್ದು ಎಲ್ಲರ ಕೈಗೂ ಒದಗುವುದೇ ಜೋಡಣೆ. ಅಂಥ ಉಗ್ರಾಣವಿರುವ ಮನೆಯಲ್ಲಿ ಮಳೆ ಎಷ್ಟು ದಿನ ಹಿಡಿದರೂ ಊಟದ ಹೊತ್ತಿಗೆ ಸಾರು ಕುದಿಯುತ್ತದೆ.