ನೂಬಾ ಮೈಯ ಕಲೆ: ಚಿತ್ರ ಹೇಳುವುದೆಷ್ಟು?

ಗಾಯ ಮಾಯ್ದ ಗುರುತಿಗೂ ನಾವು 'ಕಲೆ' ಎನ್ನುತ್ತೇವೆ, ಶಿಲ್ಪ ಚಿತ್ರಗಳಿಗೂ 'ಕಲೆ' ಎನ್ನುತ್ತೇವೆ. ಎರಡು ಅರ್ಥಗಳೂ ಒಂದಾಗುವ ಪದ್ಧತಿಯೊಂದಿದೆ. ಚರ್ಮವನ್ನು ಬೇಕೆಂದೇ ಕೊಯ್ದು, ಮಾಯ್ದ ಗಾಯದ ಉಬ್ಬುಗಳಿಂದ ಮೈಮೇಲೆ ವಿನ್ಯಾಸ ಮೂಡಿಸುವುದು. ಸುಡಾನಿನ ನೂಬಾ ಬೆಟ್ಟಗಳ ಆಗ್ನೇಯ ಭಾಗದಲ್ಲಿದ್ದ ಈ ಪದ್ಧತಿಯನ್ನು ಬಹಳಷ್ಟು ಜನ ಕಂಡದ್ದು, ಲೆನಿ ರೀಫೆನ್‌ಸ್ಟಾಲ್ 1976ರಲ್ಲಿ ಪ್ರಕಟಿಸಿದ 'ಕೌ' ಜನರ ಚಿತ್ರಗ್ರಂಥದಲ್ಲಿ. ಹಿಟ್ಲರನ ಕಾಲದಲ್ಲಿ ನಾಜಿ ಪ್ರಚಾರಚಿತ್ರಗಳನ್ನು ನಿರ್ದೇಶಿಸಿದವರು ಇವರೇ.

ಚಿತ್ರಗಳು ಸೊಗಸಾಗಿವೆ. ಕಾರಣ ಬೆಳಕು. ನಮ್ಮ ಅಜ್ಜಿಯರ ಹಚ್ಚೆ ಕಾಣುವುದು ಚರ್ಮದೊಳಗಿನ ಬಣ್ಣ ಬೆಳಕನ್ನು ಹೀರುವುದರಿಂದ. ಕಡುಕಪ್ಪು ಚರ್ಮದಲ್ಲಿ ಮೆಲನಿನ್ ಆಗಲೇ ಬಹುಪಾಲು ಬೆಳಕನ್ನು ಹೀರಿರುತ್ತದೆ; ಹಚ್ಚೆ ಎದ್ದು ಕಾಣದು. ಉಬ್ಬಿದ ಕಲೆಗೆ ಬಣ್ಣ ಬೇಡ, ನೆರಳು ಸಾಕು. 1 ಮಿ.ಮೀ. ಎತ್ತರದ ಉಬ್ಬಿನ ಮೇಲೆ ಬೆಳಕು ಚರ್ಮದೊಡನೆ 15 ಡಿಗ್ರಿ ಕೋನ ಮಾಡಿ ಬಿದ್ದರೆ, ನೆರಳಿನ ಉದ್ದ ಸುಮಾರು 3.7 ಮಿ.ಮೀ.; 60 ಡಿಗ್ರಿಯಾದರೆ 0.6 ಮಿ.ಮೀ. ಮಾತ್ರ. ಕತ್ತಲ ಕೋಣೆಯಲ್ಲಿ ನಾಣ್ಯವೊಂದಕ್ಕೆ ಟಾರ್ಚ್ ಅನ್ನು ಮೇಲಿನಿಂದ, ಆಮೇಲೆ ಪಕ್ಕದಿಂದ ಹಿಡಿದು ನೀವೇ ನೋಡಿ.

ಇಂಥ ಕಲೆಗಳನ್ನೆಲ್ಲ 'ಕೀಲಾಯ್ಡ್' ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದವನು ನಾನು. ಅದು ತಪ್ಪು. ಕೀಲಾಯ್ಡ್ ಗಾಯದ ಅಂಚು ದಾಟಿ ಹರಡುತ್ತದೆ. ಹಾಗಾದರೆ ಸಾಲು ಸಾಲಾದ ಚುಕ್ಕೆಗಳು ಚುಕ್ಕೆಗಳಾಗಿ ಉಳಿಯುವುದು ಹೇಗೆ? ಅಂಚಿನೊಳಗೇ ನಿಂತು ಉಬ್ಬುವ ಕಲೆ ಬೇರೆಯದೇ ಬಗೆ.

ಈ ಗ್ರಂಥದ ಬಗ್ಗೆ ನನ್ನ ತಕರಾರು ಇರುವುದು ಕಾಲದ ವಿಷಯದಲ್ಲಿ. ಅದೇ ಜನರ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಜೇಮ್ಸ್ ಫಾರಿಸ್ 1972ರಲ್ಲೇ ತಮ್ಮ ಪುಸ್ತಕದಲ್ಲಿ ಹೆಣ್ಣಿನ ಕಲೆಗಳ ಮೂರು ಹಂತಗಳನ್ನು ದಾಖಲಿಸಿದ್ದರು. ಎದೆ ಮೂಡತೊಡಗಿದಾಗ ಹೊಕ್ಕುಳಿನಿಂದ ಎದೆಯವರೆಗೆ. ಮೈನೆರೆದಾಗ ಮುಂಡದ ಮೇಲೆ. ಮೊದಲ ಮಗು ಹಾಲು ಬಿಟ್ಟ ಮೇಲೆ ಬೆನ್ನು, ತೋಳು, ಕಾಲುಗಳ ಹಿಂಭಾಗದಲ್ಲಿ. ಬಾಗಿದ ಮುಳ್ಳಿನಿಂದ ಚರ್ಮವನ್ನೆತ್ತಿ, ಸಣ್ಣ ಅಲಗಿನಿಂದ ಕೊಯ್ಯುತ್ತಿದ್ದರು. ಅಂದರೆ ಇದು ವರ್ಷಗಳ ಕಾಲ, ನೋವಿನಿಂದ ಬರೆದ ದಾಖಲೆ. ರೀಫೆನ್‌ಸ್ಟಾಲ್‌ಗೆ ಅದು ನಯವಾದ ಶಿಲ್ಪ. ಅವರ ಮೊದಲ ನೂಬಾ ಗ್ರಂಥವನ್ನು ಸೂಸನ್ ಸೊಂಟಾಗ್ 1975ರಲ್ಲಿ ಫ್ಯಾಸಿಸ್ಟ್ ಸೌಂದರ್ಯದೃಷ್ಟಿಯ ಮುಂದುವರಿಕೆ ಎಂದು ಟೀಕಿಸಿದರು. ಮಾತು ಕಟುವಾದದ್ದು. ಆದರೆ ಸುಂದರ ಮೈಯನ್ನಷ್ಟೇ ಕಂಡು ಆ ಮೈಯವರ ಬದುಕನ್ನು ಬಿಟ್ಟುಬಿಡುವ ನೋಟ ಎರಡನೆಯ ಗ್ರಂಥದಲ್ಲೂ ಹೋಗಿಲ್ಲ.

ಈ ಚಿತ್ರಗಳನ್ನು ತರಗತಿಯಲ್ಲಿ ತೋರಿಸುವುದಾದರೆ ಫಾರಿಸರ ವಿವರಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಬೆನ್ನ ಮೇಲೂ ಚುಕ್ಕೆಗಳ ಸಾಲಿದ್ದರೆ, ಆಕೆ ಒಂದು ಮಗುವನ್ನು ಹಾಲೂಡಿ ಬೆಳೆಸಿದ ತಾಯಿ.