ಗೋಲು ಹುಡುಕಬೇಡಿ

ತಾನು ಆರಾಧಿಸಿದ ಮೊದಲ ಫುಟ್‌ಬಾಲ್ ನಾಯಕನ ಬಗ್ಗೆ ಯಾರೋ ಬರೆದ ಬಾಲ್ಯದ ನೆನಪು ಕೈಗೆ ಬಂದರೆ ಹೊಸ ಓದುಗರು ಅದರಲ್ಲಿ ಗೋಲು ಹುಡುಕುತ್ತಾರೆ. ಗೋಲು ಬೇಕಿದ್ದರೆ ದಾಖಲೆ ಪುಸ್ತಕಗಳಿವೆ. ಇಂಥ ಬರಹದ ರುಚಿ ಹತ್ತಬೇಕಾದರೆ ನೋಡಬೇಕಾದದ್ದು ಬೇರೆ: ಮಗುವಿಗೂ ನಾಯಕನಿಗೂ ನಡುವೆ ಎಷ್ಟು ದೂರವಿತ್ತು, ಆ ದೂರ ದಾಟಿ ಮಗುವಿಗೆ ತಲುಪಿದ್ದೇನು? 1950ರ ಜುಲೈ 16ನ್ನೇ ತೆಗೆದುಕೊಳ್ಳಿ. ರಿಯೊದ ಮರಕಾನಾದಲ್ಲಿ ವಿಶ್ವಕಪ್‌ನ ನಿರ್ಣಾಯಕ ಪಂದ್ಯ. ಡ್ರಾ ಆದರೂ ಕಪ್ ಬ್ರೆಜಿಲ್‌ಗೇ. ಮೊದಲ ಗೋಲೂ ಅವರದೇ. ಆದರೂ ಉರುಗ್ವೆ 2-1ರಿಂದ ಗೆದ್ದುಬಿಟ್ಟಿತು. ಆ ದಿನ ರೇಡಿಯೊಗೆ ಕಿವಿಗೊಟ್ಟವರಲ್ಲಿ 1940ರಲ್ಲೇ ಹುಟ್ಟಿದ, ಇನ್ನೂ ಒಂಬತ್ತೇ ವರ್ಷದ ಇಬ್ಬರು ಹುಡುಗರಿದ್ದರು. ಬ್ರೆಜಿಲ್‌ನ ಬೌರು ಎಂಬ ಊರಿನ ಪೆಲೆಗೆ ನೆನಪಿನಲ್ಲಿ ಉಳಿದದ್ದು ಅಳುತ್ತಿದ್ದ ಅಪ್ಪ. ಆ ಅಪ್ಪ ದೊಂದಿನ್ಯೊ ಸ್ವತಃ ಆಟಗಾರರು, ಮಗನ ಮೊದಲ ನಾಯಕ. ಕಪ್ ತಂದುಕೊಡುತ್ತೇನೆಂದು ಹುಡುಗ ಮಾತು ಕೊಟ್ಟನಂತೆ. ಗಡಿಯಾಚೆ ಉರುಗ್ವೆಯ, ಮುಂದೆ ಲೇಖಕನಾದ ಎದುವಾರ್ದೊ ಗಲೆಯಾನೊ ಬ್ರೆಜಿಲ್‌ನ ಗೋಲು ಕೇಳಿ ದೇವರಿಗೆ ಸಾಲುಸಾಲು ಹರಕೆ ಹೊತ್ತ. ಇಬ್ಬರೂ ಆ ಪಂದ್ಯವನ್ನು ಕಣ್ಣಾರೆ ಕಂಡಿರಲಿಲ್ಲ.

ಪೆಲೆಯ ಕಥೆ ಕೀರ್ತಿ ಬಂದ ಮೇಲೆ ಉಜ್ಜಿ ಹೊಳಪಿಸಿದ್ದಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1958ರಲ್ಲಿ ಹದಿನೇಳರ ಪೆಲೆ ವಿಶ್ವಕಪ್ ಫೈನಲ್‌ನಲ್ಲಿ ಎರಡು ಗೋಲು ಹೊಡೆಯದೇ ಹೋಗಿದ್ದರೆ ಆ ಮಾತು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಅದಕ್ಕೇ ಹೇಳುವವನಿಗೆ ಮೆರುಗು ಕೊಡದ ವಿವರಕ್ಕೆ ಹೆಚ್ಚು ಬೆಲೆ ಕೊಡಿ. ಹೊತ್ತ ಹರಕೆಗಳೆಲ್ಲ ಮರೆತೇಹೋದವು, ಹಾಗಾಗಿ ತೀರಿಸಲೂ ಇಲ್ಲ ಎಂದು ಗಲೆಯಾನೊ ಒಪ್ಪಿಕೊಳ್ಳುತ್ತಾನೆ. ಇದರಿಂದ ಅವನಿಗೆ ಲಾಭವೇನೂ ಇಲ್ಲ. ನಾನು ನಂಬುವುದು ಅದನ್ನೇ. ಕ್ರೀಡಾಂಗಣದಲ್ಲೇ ಕೂತು ಕಂಡವರ ಬರಹ ಬೇರೆಯಾಗಿರಬೇಕಲ್ಲ ಎಂದರೆ, ಅಷ್ಟೇನೂ ಇಲ್ಲ. ಇಂಗ್ಲೆಂಡಿನ ಲೇಖಕ ನಿಕ್ ಹಾರ್ನ್‌ಬಿ ‘ಫೀವರ್ ಪಿಚ್’ನಲ್ಲಿ 1968ರ ತನ್ನ ಮೊದಲ ಪಂದ್ಯವನ್ನು ನೆನೆಯುವಾಗ ಆಟಕ್ಕಿಂತ ಸುತ್ತಲಿನ ಗಂಡಸರ ಹೊಗೆ, ಬೈಗುಳ, ಅಸಮಾಧಾನಗಳನ್ನೇ ಹೆಚ್ಚು ನೋಡುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ, ಅದು ಎರಡನೇ ಓದಿಗೆ. ಉರುಗ್ವೆಯ ಕ್ಯಾಪ್ಟನ್ ಒಬ್ದುಲಿಯೊ ವರೇಲಾ ಗೆದ್ದ ರಾತ್ರಿ ರಿಯೊದ ಬಾರ್‌ಗಳಲ್ಲಿ ಸೋತವರ ಜೊತೆ ಕೂತು ಕುಡಿದ ಎಂದೂ ಗಲೆಯಾನೊ ಬರೆಯುತ್ತಾನೆ. ರೇಡಿಯೊ ಮುಂದೆ ಮೊಣಕಾಲೂರಿದ್ದ ಹುಡುಗನಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ದೊಡ್ಡವನಾದ ಮೇಲೆ ತಿಳಿದದ್ದು. ಹುಡುಗನ ದನಿ ಎಲ್ಲಿ ನಿಂತಿತು, ದೊಡ್ಡವನದು ಎಲ್ಲಿ ಶುರುವಾಯಿತು ಎಂಬುದನ್ನು ಅಲ್ಲಿ ಗಮನಿಸಿ.